ತೂಕ ಇಳಿಯುತ್ತಿಲ್ಲವೇ? ಎತ್ತಿಗೆ ಹೊಡೆಯುವ ಮೊದಲು ಚಕ್ರ ನೋಡಿ

"ಗಾಳಿ ಕುಡಿದ್ರೂ ಊದ್ಕೊತೀನಿ ಮೇಡಂ."

ಶಿಡ್ಲಘಟ್ಟದ ಕಡೆಯಿಂದ ಬಂದಿದ್ದ ಆಕೆ ಕುರ್ಚಿಯಲ್ಲಿ ಕೂರುವ ಮೊದಲೇ ಇದನ್ನು ಹೇಳಿಬಿಟ್ಟರು. 41 ವರ್ಷ, 152 ಸೆಂಟಿಮೀಟರ್ ಎತ್ತರ, 78 ಕೆಜಿ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಬೇಕು, ಮನೆಮಂದಿಗೆ ತಿಂಡಿ ಆಗಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕಬೇಕು. ಇಷ್ಟು ದುಡಿಯುವ ಮೈ ದಪ್ಪಗಾಗುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಹಿಂದೆ ತೋರಿಸಿದ ಕಡೆ ಡಾಕ್ಟರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ "ಬಾಯಿ ಕಟ್ಟಮ್ಮ" ಅಂದಿದ್ದರಂತೆ. ಆಕೆ ಕಟ್ಟಿದರು. ಮೂರು ತಿಂಗಳು ರಾತ್ರಿ ಊಟ ಬಿಟ್ಟು ಐದು ಕೆಜಿ ಇಳಿಸಿದರು, ಊರ ಜಾತ್ರೆ ಮುಗಿದು ನಾಲ್ಕು ತಿಂಗಳಾಗುವಷ್ಟರಲ್ಲಿ ಏಳು ಕೆಜಿ ಏರಿಸಿಕೊಂಡರು.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಡಯಟೀಷಿಯನ್. ಹುಟ್ಟಿದ್ದು ಕೋಲಾರದ ಕಡೆ. ಇಲ್ಲಿ ಬರುವವರ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಮಾತು ಬದಲಿಸಿಲ್ಲ. ಗಾಡಿ ಮುಂದಕ್ಕೆ ಹೋಗದಿದ್ದರೆ ನಮ್ಮಜ್ಜ ಇಳಿದು ಮೊದಲು ಚಕ್ರ ನೋಡುತ್ತಿದ್ದರು. ಕಲ್ಲು ಸಿಕ್ಕಿರಬಹುದು, ಕೀಲೆಣ್ಣೆ ಒಣಗಿರಬಹುದು. ಚಾಟಿ ಆಮೇಲೆ. ತೂಕದ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಚಾಟಿ ಮೊದಲು ಬೀಳುತ್ತದೆ, ಚಕ್ರವನ್ನು ಯಾರೂ ನೋಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಶೇ 23ರಷ್ಟು ಹೆಂಗಸರು ಅಧಿಕ ತೂಕ ಇಲ್ಲವೇ ಬೊಜ್ಜಿನವರು. 2019-21ರ ಹೊತ್ತಿಗೆ ಅದು ಶೇ 30. ಐದಾರು ವರ್ಷದಲ್ಲಿ ಇಡೀ ರಾಜ್ಯದ ಹೆಂಗಸರಿಗೆ ಒಟ್ಟಿಗೆ ಸೋಮಾರಿತನ ಬಂತು ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಊಟದ ವಿಷಯ ಆರನೆಯದು. ಅಲ್ಲಿಗೆ ನೇರವಾಗಿ ಹಾರಬೇಡಿ. ಬಸುರಿಯರು, ಎದೆಹಾಲು ಕೊಡುತ್ತಿರುವವರು ತೂಕ ಇಳಿಸಲು ಹೊರಡುವ ಮುಂಚೆ ನಿಮ್ಮನ್ನು ನೋಡುವ ಡಾಕ್ಟರನ್ನು ಕೇಳಲೇಬೇಕು.

ಹೆಜ್ಜೆ 1: ಟೇಪು ಮೊದಲು, ತೂಕದ ಮಷೀನು ಆಮೇಲೆ

ರವಿಕೆ ಹೊಲಿಯುವವರ ಹತ್ತಿರ ಇರುವ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ, ಬಟ್ಟೆಯ ಮೇಲಲ್ಲದೆ ಮೈಗೆ ತಾಗಿಸಿ ಅಳೆಯಿರಿ. ಸೀರೆಯ ಗಂಟು ಬಿದ್ದಿರುವ ಜಾಗ ಇದಲ್ಲ, ಅದಕ್ಕಿಂತ ಸ್ವಲ್ಪ ಮೇಲೆ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು, ಗಡಿ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ತುಂಬಿಸುವ ಫಾರಂನಲ್ಲೂ ಇದೇ ಲೆಕ್ಕ: 80ರವರೆಗೆ ಸೊನ್ನೆ, 81ರಿಂದ 90ಕ್ಕೆ ಒಂದು ಅಂಕ, ಅದನ್ನೂ ದಾಟಿದರೆ ಎರಡು. ಒಟ್ಟು ಅಂಕ ನಾಲ್ಕು ಮೀರಿದವರನ್ನು ಬಿಪಿ, ಶುಗರ್ ಪರೀಕ್ಷೆಗೆ ಮೊದಲು ಕಳಿಸುತ್ತಾರೆ. ಆ ಅಕ್ಕ ಬಂದಾಗ "ಆಮೇಲೆ ಬನ್ನಿ" ಅನ್ನಬೇಡಿ.

ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ಹೇಳುವ ಅಂಕಿ ಬಿಎಂಐ. ಅದನ್ನು ತಿಳಿಯಲು ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಆ ಶಿಡ್ಲಘಟ್ಟದವರದ್ದು 78 ಭಾಗ 1.52, ಮತ್ತೆ ಭಾಗ 1.52, ಹತ್ತಿರ ಹತ್ತಿರ 34. ಜಗತ್ತಿಗೆಲ್ಲ 30 ದಾಟಿದರೆ ಬೊಜ್ಜು ಅನ್ನುತ್ತಾರೆ. ನಮ್ಮವರಿಗೆ 25 ದಾಟಿದರೇ ಬೊಜ್ಜು. ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಯಾಜ್ಞಿಕ್ ವರ್ಷಗಟ್ಟಲೆ ತೋರಿಸುತ್ತ ಬಂದಿರುವುದು ಇದನ್ನೇ: ನೋಡಲು ತೆಳ್ಳಗಿದ್ದರೂ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯೊಳಗೆ.

ತೂಕ ವಾರಕ್ಕೊಂದೇ ಸಲ ನೋಡಿ, ಬೆಳಿಗ್ಗೆ, ಬಯಲಿಗೆ ಹೋಗಿ ಬಂದ ಮೇಲೆ, ಏನೂ ಕುಡಿಯದೆ. ಮುಟ್ಟಿನ ಹಿಂದಿನ ವಾರ ಮೈಯಲ್ಲಿ ನೀರು ನಿಂತು ಒಂದರಿಂದ ಎರಡು ಕೆಜಿ ಏರುವುದು ಮಾಮೂಲು, ಆಗ ಸಿಹಿ ಬೇಕೆನ್ನಿಸುವುದೂ ಮಾಮೂಲು. ಎಷ್ಟೋ ಜನ ಆ ವಾರವೇ "ಏನ್ ಮಾಡಿದ್ರೂ ಅಷ್ಟೇ" ಅಂತ ಎಲ್ಲ ಬಿಟ್ಟುಬಿಡುತ್ತಾರೆ. ಆದ್ದರಿಂದ ಈ ವಾರದ ತೂಕವನ್ನು ಕಳೆದ ವಾರದ ಜೊತೆ ಹೋಲಿಸಬೇಡಿ. ಮುಟ್ಟಾಗಿ ಏಳನೇ ದಿನದ ತೂಕವನ್ನು ಹೋದ ತಿಂಗಳ ಏಳನೇ ದಿನದ ಜೊತೆ ಹೋಲಿಸಿ. ಈ ಒಂದು ಬದಲಾವಣೆಯಿಂದಲೇ ಅರ್ಧ ಕಣ್ಣೀರು ಉಳಿಯುವುದನ್ನು ನೋಡಿದ್ದೇನೆ.

ಹೆಜ್ಜೆ 2: ಚಕ್ರಕ್ಕೆ ಸಿಕ್ಕಿರುವ ಕಲ್ಲು ಯಾವುದು?

ಮಾಡಿಸಬೇಕಾದ ರಕ್ತ ಪರೀಕ್ಷೆ ಬಹಳವೇನಿಲ್ಲ. ಥೈರಾಯ್ಡಿಗೆ ಟಿಎಸ್‌ಎಚ್, ಖಾಲಿ ಹೊಟ್ಟೆಯ ಶುಗರ್ ಅಥವಾ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಕೊಲೆಸ್ಟರಾಲ್. ಜೊತೆಗೆ ಬಿಪಿ. ಇವನ್ನೆಲ್ಲ ತಾಲೂಕು ಆಸ್ಪತ್ರೆಯಲ್ಲೇ ಕೇಳಿ ನೋಡಿ. ಸಾವಿರಾರು ರೂಪಾಯಿಯ "ಫುಲ್ ಬಾಡಿ ಪ್ಯಾಕೇಜ್" ಇದಕ್ಕೆ ಬೇಡ.

ಥೈರಾಯ್ಡ್ ಮೇಲೆ ನಮ್ಮವರು ಹೊರಿಸುವಷ್ಟು ಭಾರ ಅದು ಹೊರುವುದಿಲ್ಲ. ಗ್ರಂಥಿ ಮಂದವಾದರೆ ಸಾಮಾನ್ಯವಾಗಿ ಏರುವುದು ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ಉಪ್ಪು ನೀರು. ಇಪ್ಪತ್ತು ಕೆಜಿಗೆ ಅದೊಂದೇ ಕಾರಣ ಆಗಲಾರದು. ಆದರೆ ಮಾತ್ರೆ ತಪ್ಪಾಗಿ ನುಂಗಿದರೆ ಆ ಐದು ಕೆಜಿಯೂ ಇಳಿಯದು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಟೀ ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರವಿರಲಿ. ಎಲ್ಲ ಮಾತ್ರೆ ಒಟ್ಟಿಗೆ ಅಂಗೈಗೆ ಸುರಿದುಕೊಂಡು ಟೀಯಲ್ಲಿ ನುಂಗುವವರನ್ನು ವಾರಕ್ಕೆ ಮೂವರನ್ನಾದರೂ ನೋಡುತ್ತೇನೆ.

ಅಂಡಾಶಯದ ಹಾರ್ಮೋನು ಏರುಪೇರಾಗುವ ಪಿಸಿಒಎಸ್ ಬೇರೆ ಜಾತಿಯದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗದ್ದದ ಮೇಲೆ ಗಡುಸು ಕೂದಲು, ಕತ್ತಿನ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು. ಆ ಕಪ್ಪು ಕೊಳೆಯಲ್ಲ. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳುತ್ತಿಲ್ಲ ಎಂಬುದರ ಗುರುತು. ಮಾತು ಕೇಳದ್ದಕ್ಕೆ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಏರಿದರೆ ಕೊಬ್ಬು ಕೂಡಿಡುವ ಕೆಲಸ ಸಲೀಸು, ಅಂಡಾಶಯದಲ್ಲಿ ಗಂಡು ಹಾರ್ಮೋನಿನ ಪ್ರಮಾಣವೂ ಏರುತ್ತದೆ. ಸಮಾಧಾನದ ಸಂಗತಿ ಏನೆಂದರೆ ಇದರಲ್ಲಿ ಇದ್ದ ತೂಕದ ಶೇ 5ರಿಂದ 10 ಇಳಿದರೂ ಬಹಳ ಜನರಿಗೆ ಮುಟ್ಟು ಸರಿಹೋಗುತ್ತದೆ.

"ಆಪರೇಷನ್ ಆದ ಮೇಲೇ ದಪ್ಪ ಆಗಿದ್ದು" ಎಂಬ ಮಾತು ನಮ್ಮ ಸೀಮೆಯಲ್ಲಿ ಮನೆಮನೆಯ ಮಾತು. ಸಂತಾನಹರಣ ಚಿಕಿತ್ಸೆಯಲ್ಲಿ ಕಟ್ಟುವುದು ಅಂಡನಾಳವನ್ನು ಮಾತ್ರ. ಅಂಡಾಶಯ ಹಾಗೇ ಇರುತ್ತದೆ, ಹಾರ್ಮೋನು ಹಾಗೇ ಸುರಿಯುತ್ತದೆ. ಆದರೆ ಆ ಆಪರೇಷನ್ ಆಗುವುದು ಕೊನೆಯ ಹೆರಿಗೆಯ ಆಸುಪಾಸಿನಲ್ಲಿ. ಬಸುರಿನಲ್ಲಿ ಏರಿ ಇಳಿಯದೆ ಉಳಿದದ್ದು, ಬಾಣಂತನದ ತುಪ್ಪ ಕೊಬ್ಬರಿಯಲ್ಲಿ ಕೂಡಿದ್ದು, ಮಗು ಎಬ್ಬಿಸಿದ ರಾತ್ರಿಗಳಲ್ಲಿ ಬೆಳೆದದ್ದು ಎಲ್ಲವೂ ಆಪರೇಷನ್ ಲೆಕ್ಕಕ್ಕೆ ಬಿದ್ದಿರುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ ಮಾತ್ರ ಕಥೆ ಬೇರೆ. ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದಂತೆ. ಡಿಸ್ಚಾರ್ಜ್ ಚೀಟಿ ತೆಗೆದು ಏನೇನು ತೆಗೆದಿದ್ದಾರೆ ಅಂತ ಓದಿಸಿ. ಎಷ್ಟೋ ಜನರಿಗೆ ಅದೇ ಗೊತ್ತಿರುವುದಿಲ್ಲ.

ಮುಟ್ಟು ತಾನಾಗಿ ನಿಲ್ಲುವ ಕಾಲದಲ್ಲೂ ಈಸ್ಟ್ರೋಜನ್ ಇಳಿದು ಕೊಬ್ಬು ಜಾಗ ಬದಲಿಸುತ್ತದೆ. ತೊಡೆ, ಪೃಷ್ಠದಲ್ಲಿದ್ದದ್ದು ಹೊಟ್ಟೆಗೆ ಬರುತ್ತದೆ. ತೂಕ ಅಷ್ಟೇ ಇದ್ದರೂ ಲಂಗದ ಲಾಡಿ ಬಿಗಿಯಾಗುವುದು ಅದಕ್ಕೆ.

ಮಾತ್ರೆಗಳ ಚೀಲವನ್ನೂ ಜೊತೆಗೆ ತನ್ನಿ. ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್, ಮನೋರೋಗಕ್ಕೆ ಕೊಡುವ ಒಲಾಂಜಪೀನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ನರದ ನೋವಿನ ಪ್ರಿಗ್ಯಾಬಲಿನ್, ಶುಗರಿನ ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ಇವೆಲ್ಲ ತೂಕ ಏರಿಸಬಲ್ಲವು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಗು ಆಗದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನಿಂದಲೂ ಕೆಲವರಿಗೆ ಏರುತ್ತದೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟವರ ಹತ್ತಿರ ಹೋಗಿ "ಇದಕ್ಕೆ ಬದಲಿ ಇದೆಯಾ" ಅಂತ ಕೇಳುವ ಹಕ್ಕು ನಿಮಗಿದೆ. ಬಹಳ ಸಲ ಬದಲಿ ಇರುತ್ತದೆ.

ರಕ್ತಹೀನತೆಯನ್ನು ಯಾರೂ ಬೊಜ್ಜಿನ ಜೊತೆ ಸೇರಿಸಿ ಯೋಚಿಸುವುದಿಲ್ಲ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧ ಜನಕ್ಕೆ ರಕ್ತ ಕಡಿಮೆ. ದಪ್ಪಗಿರುವವರ ಮೈಯಲ್ಲಿ ಸದಾ ಸಣ್ಣ ಉರಿಯೂತ ಇದ್ದು ಹೆಪ್ಸಿಡಿನ್ ಎಂಬ ಹಾರ್ಮೋನು ಏರುತ್ತದೆ, ಅದು ತಿಂದ ಕಬ್ಬಿಣವನ್ನು ಕರುಳಿನಲ್ಲೇ ತಡೆಯುತ್ತದೆ. ಹಿಮೋಗ್ಲೋಬಿನ್ 8 ಇರುವವರಿಗೆ "ದಿನಾ ಒಂದು ಗಂಟೆ ವಾಕಿಂಗ್ ಮಾಡಿ" ಅಂದರೆ ಹೇಗೆ ಮಾಡಿಯಾರು? ಮೊದಲು ರಕ್ತ ಏರಲಿ.

ಇನ್ನೆರಡು ಮಾತು. ಜೋರಾಗಿ ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳಿ. ಗೊರಕೆ ಗಂಡಸರ ಸೊತ್ತು ಅಂತ ನಾಚಿಕೊಂಡು ಮುಚ್ಚಿಡಬೇಡಿ. ಮೈಯೆಲ್ಲ ಇಳಿದು ಎರಡೂ ಕಾಲು ಮಾತ್ರ ಒಂದೇ ಸಮ ದಪ್ಪ ಉಳಿದು, ಒತ್ತಿದರೆ ನೋವಾಗಿ, ಪಾದ ಮಾತ್ರ ಸಣ್ಣಗಿದ್ದರೆ ಅದು ಲಿಪೆಡೀಮಾ ಇರಬಹುದು. ಊಟ ಬಿಟ್ಟರೆ ಇಳಿಯುವ ಕೊಬ್ಬಲ್ಲ ಅದು.

ಹೆಜ್ಜೆ 3: ದೇಹ ಯಾಕೆ ಎದುರು ನಿಲ್ಲುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಓದಲು ಬೇಸರವಾದರೂ ಬಿಡಬೇಡಿ. ಮತ್ತೆ ಏರಿದಾಗ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ತಪ್ಪಿಸುವುದು ಇದೇ.

ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆ ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿಯಿತು. ಕೊಬ್ಬಿನಿಂದಲೇ ಹೊರಟು ಮಿದುಳಿಗೆ "ಉಗ್ರಾಣದಲ್ಲಿ ಇಷ್ಟಿದೆ" ಅಂತ ವರದಿ ಕೊಡುವ ಹಾರ್ಮೋನು ಅದು. 1999ರಲ್ಲಿ ಜಪಾನಿನಲ್ಲಿ ಸಿಕ್ಕ ಗ್ರೆಲಿನ್ ಹೊಟ್ಟೆಯಿಂದ ಹೊರಟು ಹಸಿವು ಕೂಗುವ ಹಾರ್ಮೋನು. ತೂಕ ಇಳಿದ ಕೂಡಲೇ ಲೆಪ್ಟಿನ್ ಕುಸಿಯುತ್ತದೆ, ಗ್ರೆಲಿನ್ ಏರುತ್ತದೆ. ಮಿದುಳಿಗೆ ನಿಮ್ಮ ಮಗಳ ಮದುವೆಯ ಸೀರೆ ರವಿಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬರ ಮಾತ್ರ. ಕೋಲಾರದವರಿಗೆ ಬರ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೆರೆ ಬತ್ತುತ್ತಿದೆ ಅಂದಾಗ ಮನೆ ಯಜಮಾನಿ ಬಿಂದಿಗೆ ಲೆಕ್ಕ ಶುರುಮಾಡುವಂತೆ ದೇಹ ಖರ್ಚು ಹಿಡಿಯುತ್ತದೆ.

ಎಷ್ಟು ದಿನ ಹಿಡಿಯುತ್ತದೆ? ಆಸ್ಟ್ರೇಲಿಯಾದಲ್ಲಿ 50 ಜನರನ್ನು ಹತ್ತು ವಾರ ಬಹಳ ಕಡಿಮೆ ಆಹಾರದ ಮೇಲಿಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೆ ಅಳೆದರೂ ಅವರ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ, ಹಸಿವು ಮೊದಲಿಗಿಂತ ಜಾಸ್ತಿಯೇ ಇತ್ತು. ಇದು 2011ರಲ್ಲಿ ಪ್ರಕಟವಾಯಿತು. ಇನ್ನೊಂದು, 2016ರದ್ದು: ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಹತ್ತಾರು ಕೆಜಿ ಇಳಿಸಿದ್ದ 14 ಜನರನ್ನು ಆರು ವರ್ಷದ ಮೇಲೆ ಪರೀಕ್ಷಿಸಿದಾಗ, ಅವರ ದೇಹ ಸುಮ್ಮನೆ ಮಲಗಿದ್ದಾಗ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಬಹುಪಾಲು ಜನ ಕಳೆದುಕೊಂಡ ತೂಕದ ದೊಡ್ಡ ಭಾಗವನ್ನು ಮತ್ತೆ ಪಡೆದಿದ್ದರು.

ವಂಶದ ಪಾಲೂ ಇದೆ. 1986ರಲ್ಲಿ ಡೆನ್ಮಾರ್ಕಿನ 540 ದತ್ತು ಮಕ್ಕಳನ್ನು ದೊಡ್ಡವರಾದ ಮೇಲೆ ನೋಡಿದರೆ, ಅವರ ಮೈ ಹೆತ್ತವರ ಮೈಗೆ ಹೋಲುತ್ತಿತ್ತು, ಅನ್ನ ಹಾಕಿ ಸಾಕಿದವರ ಮೈಗಲ್ಲ. "ನಮ್ಮತ್ತೆ ಮನೆ ಊಟ ಹಿಡಿದು ದಪ್ಪ ಆದೆ" ಅನ್ನುವವರು ಒಮ್ಮೆ ತಾಯಿಯ ಹಳೇ ಫೋಟೊ ತೆಗೆದು ನೋಡಬಹುದು.

ಇದರಿಂದ ನಿಮಗೆ ಸಿಗುವ ಕೆಲಸದ ಮಾತು ಏನು? ಗುರಿ ಚಿಕ್ಕದಿರಲಿ. ಆರು ತಿಂಗಳಿಗೆ ಈಗಿರುವ ತೂಕದ ಶೇ 5ರಿಂದ 7. 78 ಕೆಜಿಯವರಿಗೆ ನಾಲ್ಕರಿಂದ ಐದೂವರೆ ಕೆಜಿ. "ಅಷ್ಟೇನಾ" ಅಂತ ಮುಖ ಸಣ್ಣ ಮಾಡಬೇಡಿ. 2002ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಗುರಿ ಇದ್ದದ್ದೇ ಶೇ 7 ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಲ್ಲಿ ಕಾಯಿಲೆ ಬರುವುದು ಅದರಿಂದ ಶೇ 58ರಷ್ಟು ಕಡಿಮೆಯಾಯಿತು. ಅವಸರ ಮಾಡಿ ವಾರಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚು ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಏರುತ್ತದೆ. ಅದು ಮೊದಲೇ ಹೆಂಗಸರಿಗೆ ಜಾಸ್ತಿ. ಎರಡು ಮೂರು ತಿಂಗಳಿಗೆ ಕೂದಲು ಬಾಚಣಿಗೆ ತುಂಬ ಬರುವುದು ಬೇರೆ.

ಹೆಜ್ಜೆ 4: ನಾಲ್ಕಾಣೆ ನೋಟ್‌ಬುಕ್

ಬೆಲೆ ನಾಲ್ಕಾಣೆ ಇದ್ದ ಕಾಲ ಹೋಯಿತು, ನಮ್ಮಮ್ಮ ಡೇರಿ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರು, ಹಾಗೇ ಬಾಯಿಗೆ ಬಂತು. ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಏನನ್ನೂ ಬದಲಾಯಿಸಬೇಡಿ, ಬರೆಯುವುದಷ್ಟೇ. ಆ ಶಿಡ್ಲಘಟ್ಟದ ಆಕೆಯ ಮಗ ಬರೆದುಕೊಟ್ಟ ಒಂದು ಪುಟ ಹೀಗಿತ್ತು:

"ಮಂಗಳವಾರ. 5.30 ಟೀ. 8 ಟೀ. 9.30 ಪಾಪು ಬಿಟ್ಟ ಒಂದೂವರೆ ಇಡ್ಲಿ, ನಿಂತ್ಕೊಂಡು. 11 ಆಳುಗಳ ಜೊತೆ ಟೀ, ಒಂದು ಬನ್ನು. 2.30 ಮುದ್ದೆ, ಸಾರು, ಮಿಕ್ಕಿದ ಅನ್ನ. 4 ಟೀ, ಕಾಂಗ್ರೆಸ್ ಕಡ್ಲೆಕಾಯಿ ಸ್ವಲ್ಪ. 6 ಡೇರಿಯಿಂದ ಬಂದು ಟೀ. 7.30 ಅಡುಗೆ ಮಾಡ್ತಾ ಏನೋ ಬಾಯಿಗೆ. 10 ಊಟ, ಎಲ್ಲರ್ದೂ ಆದ್ಮೇಲೆ. 11 ಪಾತ್ರೆ ತೊಳೆಯೋ ಮುಂಚೆ ತಳದಲ್ಲಿದ್ದ ಪಲ್ಯ."

ಟೀ ಐದು. ಮನೆ ಹಸುವಿನ ಹಾಲು, ಎರಡು ಚಮಚ ಸಕ್ಕರೆ. ಒಂದೊಂದಕ್ಕೆ 75 ಕ್ಯಾಲೊರಿ ಹಿಡಿದರೂ 375. ಒಂದು ದೊಡ್ಡ ಮುದ್ದೆಗಿಂತ ಜಾಸ್ತಿ, ಆದರೆ ಹೊಟ್ಟೆ ತುಂಬುವುದಿಲ್ಲ. ಊಟವಾದ ಕೂಡಲೇ ಕುಡಿದ ಟೀ ಸೊಪ್ಪಿನ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. "ನಾನು ಏನೂ ತಿನ್ನಲ್ಲ" ಅಂದಾಗ ಆಕೆ ಸುಳ್ಳು ಹೇಳಿರಲಿಲ್ಲ. ತಟ್ಟೆ ಹಾಕಿಕೊಂಡು ಕೂತು ತಿಂದದ್ದು ಮಾತ್ರ ನಮಗೆ ಊಟವಾಗಿ ನೆನಪಿರುತ್ತದೆ. ನಿಂತು ತಿಂದದ್ದು, ಮಗು ಬಿಟ್ಟದ್ದು, ಚೆಲ್ಲಬಾರದು ಅಂತ ಬಳಿದದ್ದು ಲೆಕ್ಕಕ್ಕೇ ಬರುವುದಿಲ್ಲ. ಇದು ನಮ್ಮೂರಿನ ಹೆಂಗಸರ ದೌರ್ಬಲ್ಯವೂ ಅಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ "ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ" ಎಂದ ಹತ್ತು ಜನರನ್ನು ಅಳೆದು ನೋಡಿದಾಗ, ಅವರ ದೇಹ ಸುಡುವುದರಲ್ಲಿ ದೋಷವೇನೂ ಇರಲಿಲ್ಲ. ತಿಂದದ್ದನ್ನು ಶೇ 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ಶ್ರಮವನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಬೇಕಂತ ಹೇಳಿದ್ದಲ್ಲ, ಹಾಗೇ ನೆನಪಿತ್ತು.

ಪುಸ್ತಕವನ್ನು ಗಂಡನಿಗಾಗಲಿ ಅತ್ತೆಗಾಗಲಿ ತೋರಿಸಬೇಕಿಲ್ಲ. ಬೈಸಿಕೊಳ್ಳುವ ಭಯ ಬಂದ ಕೂಡಲೇ ಲೆಕ್ಕ ಸುಳ್ಳಾಗುತ್ತದೆ.

ಹೆಜ್ಜೆ 5: ಹೊಟ್ಟೆಯ ಹಸಿವೋ, ಮನಸ್ಸಿನದೋ

ಅದೇ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ತಿನ್ನುವ ಮುಂಚೆ ಮನಸ್ಸು ಹೇಗಿತ್ತು ಅಂತ ಒಂದೇ ಪದ ಬರೆಯಿರಿ. ಹಸಿವು, ಬೇಜಾರು, ಸಿಟ್ಟು, ಸುಸ್ತು, ಸುಮ್ನೆ. ಹೊಟ್ಟೆಯ ಹಸಿವು ನಿಧಾನಕ್ಕೆ ಏರುತ್ತದೆ, ತಣ್ಣಗಿನ ಮುದ್ದೆಗೂ ಒಪ್ಪುತ್ತದೆ. ಮನಸ್ಸಿನ ಹಸಿವು ಥಟ್ಟನೆ ಬಂದು ಇಂಥದ್ದೇ ಬೇಕು ಅನ್ನುತ್ತದೆ. ನಮ್ಮ ಕ್ಲಿನಿಕ್ಕಿಗೆ ಬಂದವರ ಪುಸ್ತಕಗಳಲ್ಲಿ ನಾನು ಹೆಚ್ಚು ಓದಿರುವ ಪದ "ಸುಸ್ತು". ರಾತ್ರಿ ಹತ್ತೂವರೆಗೆ ಎಲ್ಲರೂ ಮಲಗಿದ ಮೇಲೆ ಮಿಕ್ಸ್ಚರ್ ಡಬ್ಬ ಹಿಡಿದು ಟಿವಿ ಮುಂದೆ ಕೂರುವ ಅರ್ಧ ಗಂಟೆ ಬಹಳ ಹೆಂಗಸರಿಗೆ ಇಡೀ ದಿನದಲ್ಲಿ ತಮ್ಮದು ಅನ್ನಿಸುವ ಏಕೈಕ ಹೊತ್ತು. ಡಬ್ಬ ಕಿತ್ತುಕೊಂಡರೆ ಆ ಹೊತ್ತನ್ನೂ ಕಿತ್ತುಕೊಂಡಂತೆ. ಹೊತ್ತು ಇರಲಿ, ಡಬ್ಬದ ಬದಲು ಏನಿಡೋಣ ಅಂತ ಯೋಚಿಸಿ. ಒಬ್ಬರು ಹೂ ಕಟ್ಟುತ್ತೇನೆ ಅಂದರು. ಕೈ ಎರಡೂ ನೂಲಿನಲ್ಲಿದ್ದರೆ ಬಾಯಿಗೆ ಹೋಗುವುದು ಕಷ್ಟ.

ವಾರಕ್ಕೊಂದು ಸಲವಾದರೂ ತಡೆಯಲಾಗದೆ, ಹೊಟ್ಟೆ ನೋಯುವಷ್ಟು, ಕದ್ದು ತಿಂದು ಆಮೇಲೆ ಅಸಹ್ಯಪಟ್ಟುಕೊಳ್ಳುವುದು ಮೂರು ತಿಂಗಳಿಂದ ನಡೆದಿದ್ದರೆ ಅದು ಬಿಂಜ್ ಈಟಿಂಗ್ ಎಂಬ ಕಾಯಿಲೆ, ಚಿಕಿತ್ಸೆ ಇದೆ. ಉಪವಾಸ ಮಾಡಿದಷ್ಟೂ ಅದು ಜೋರಾಗುತ್ತದೆ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಭಾರ ಅನ್ನಿಸುತ್ತಿದ್ದರೆ ತೂಕದ ಪುಸ್ತಕ ಮುಚ್ಚಿಟ್ಟು ಮೊದಲು ಅದಕ್ಕೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಒಂದು ಮಾತು ಮೆಲ್ಲಗೆ ಹೇಳುತ್ತೇನೆ. 1985ರ ಹೊತ್ತಿಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ಡಾಕ್ಟರು ಬೊಜ್ಜಿನ ಚಿಕಿತ್ಸೆ ನಡೆಸುತ್ತಿದ್ದಾಗ, ಚೆನ್ನಾಗಿ ಇಳಿಸುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಕೂರಿಸಿಕೊಂಡು ಕೇಳಿದರೆ ಬಹಳ ಜನ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ದಪ್ಪ ಮೈ ಅವರಿಗೆ ಗೋಡೆಯಾಗಿತ್ತು. ಗೋಡೆ ಕರಗಿದಂತೆ ಭಯ ಮರಳಿ ಬರುತ್ತಿತ್ತು. ನನ್ನೆದುರು ಕೂತ ಒಬ್ಬರು ಸೆರಗಿನ ತುದಿ ಸುತ್ತುತ್ತ "ದಪ್ಪಗಿದ್ರೆ ಯಾರ ಕಣ್ಣೂ ಬೀಳಲ್ಲ ಅಕ್ಕ" ಅಂದದ್ದು ಇನ್ನೂ ಕಿವಿಯಲ್ಲಿದೆ. ಇಂಥದ್ದು ನಿಮ್ಮಲ್ಲಿದ್ದರೆ ನಿಮಗೆ ಬೇಕಿರುವುದು ಡಯಟ್ ಚಾರ್ಟ್ ಅಲ್ಲ, ಮನಸ್ಸು ಬಲ್ಲವರ ಜೊತೆ ಮಾತು. ಈಗಲೂ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181.

ಮದುವೆ ಮನೆಯಲ್ಲಿ "ಏನೇ, ಡ್ರಮ್ ಆಗಿದ್ದೀಯ" ಅನ್ನುವ ಚಿಕ್ಕಮ್ಮಂದಿರ ಬಗ್ಗೆ ನನಗೆ ಒಂದೇ ಸಲಹೆ ತೋಚಿದ್ದು: "ಹೂಂ ಚಿಕ್ಕಮ್ಮ, ಚೆನ್ನಾಗಿದ್ದೀನಿ" ಅಂದು ಪಂಕ್ತಿಯಲ್ಲಿ ಜಾಗ ಬದಲಿಸಿ. ಅಂಥ ಮಾತಿನಿಂದ ಯಾರೂ ತೆಳ್ಳಗಾಗಿಲ್ಲ. ಮನೆಗೆ ಬಂದು ಇನ್ನೊಂದು ಹೋಳಿಗೆ ತಿಂದವರೇ ಹೆಚ್ಚು.

ಹೆಜ್ಜೆ 6: ಈಗ ತಟ್ಟೆ

ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿ, 11 ಗ್ರಾಂ ನಾರು, 360 ಮಿಲಿಗ್ರಾಂ ಚಿಲ್ಲರೆ ಕ್ಯಾಲ್ಸಿಯಂ. ಬಿಡಬೇಕಾದದ್ದು ಮುದ್ದೆಯ ಗಾತ್ರದ ಬಗೆಗಿನ ಅಸಡ್ಡೆ. ಒಂದು ದಿನ ಹಿಟ್ಟು ತೂಗಿ ಮುದ್ದೆ ಕಟ್ಟಿ ನೋಡಿ. ಒಂದಕ್ಕೆ 80 ಗ್ರಾಂ ಹಿಟ್ಟು ಸಾಕು. ನಮ್ಮ ಕಡೆ ಮುದ್ದೆಗೆ ಅಕ್ಕಿ ನುಚ್ಚು ಹಾಕಿ ತಿರುವುತ್ತಾರೆ, ಮೇಲೆ ಮತ್ತೆ ಅನ್ನ ಬಡಿಸುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿ.

ಹೆಂಗಸರ ತಟ್ಟೆಯಲ್ಲಿ ನಿಜವಾಗಿ ಕೊರತೆ ಇರುವುದು ಪ್ರೋಟೀನು. ಮನೆಯವರಿಗೆಲ್ಲ ಕಾಳು ಬಡಿಸಿದ ಮೇಲೆ ಕೊನೆಗೆ ಕೂತವರಿಗೆ ಸಿಗುವುದು ಸಾರಿನ ತಿಳಿ. ಕಾಳಿಲ್ಲದ ಸಾರಿನಲ್ಲಿ ಹೊಟ್ಟೆ ತುಂಬಬೇಕಾದರೆ ಅನ್ನ ಜಾಸ್ತಿ ಬೇಕೇ ಬೇಕು. ತೂಕ ಇಳಿಯುವಾಗ ಪ್ರೋಟೀನು ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ದೇಹ ಸುಡುವುದು ಇನ್ನೂ ಇಳಿಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ: ಬಡಿಸಲು ಶುರುಮಾಡುವ ಮುಂಚೆ ನಿಮ್ಮ ಪಾಲಿನ ಕಾಳು, ಪಲ್ಯ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ದಿನಕ್ಕೆ 55ರಿಂದ 60 ಗ್ರಾಂ ಪ್ರೋಟೀನು ಮುಟ್ಟಬೇಕು. ಎರಡು ಮುದ್ದೆಯಲ್ಲಿ 11 ಗ್ರಾಂ, ಮುಕ್ಕಾಲು ಹಿಡಿಯಷ್ಟು ಎರಡು ಹೊತ್ತು ಹುರುಳಿಕಾಳೋ ಬೇಳೆಯೋ ಅವರೆಕಾಳೋ ಸೇರಿ ಒಣ ತೂಕ 75 ಗ್ರಾಂ ಆದರೆ 16, ಎರಡು ಮೊಟ್ಟೆಗೆ 12, ಎರಡು ಲೋಟ ಹಾಲು ಮೊಸರಿಗೆ 12, ಉಳಿದದ್ದು ಸೊಪ್ಪು ತರಕಾರಿ ಒಂದು ಸಣ್ಣ ಹಿಡಿ ಕಡ್ಲೆಕಾಯಿಯಲ್ಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಮಸ್ಸೊಪ್ಪು, ಬಸ್ಸಾರು, ಹುರುಳಿಕಾಳು ಸಾರು ಇರುವ ಸೀಮೆಯಲ್ಲಿ ಹುಟ್ಟಿ ಡಬ್ಬದ ಪೌಡರಿಗೆ ಎರಡು ಸಾವಿರ ಕೊಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಣ್ಣೆ ಒಬ್ಬರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಒಳಗೆ. ಒಂದನೇ ತಾರೀಕು ತಂದ ಕ್ಯಾನು ಯಾವಾಗ ಖಾಲಿಯಾಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಚಮಚ ಎಣಿಸುವುದಕ್ಕಿಂತ ಸುಲಭ. ತುಮಕೂರಿನವರು ತಟ್ಟೆ ಇಡ್ಲಿ ಬಿಡಬೇಕಿಲ್ಲ. ಎರಡರ ಬದಲು ಒಂದು, ಮೇಲಿನ ಬೆಣ್ಣೆ ಬೇಡ, ಜೊತೆಗೆ ಒಂದು ಮೊಟ್ಟೆಯೋ ಕಾಳೋ.

ಶನಿವಾರ ಸೋಮವಾರದ ಒಪ್ಪೊತ್ತು ಹಿಡಿಯುವವರು ಹಿಡಿಯಿರಿ, ಆದರೆ ಅದು ದೇವರಿಗೆ, ತೂಕಕ್ಕಲ್ಲ. ಹಗಲೆಲ್ಲ ಖಾಲಿ ಇದ್ದು ರಾತ್ರಿ ಎರಡು ತಟ್ಟೆ ಅವಲಕ್ಕಿ ಒಗ್ಗರಣೆ, ಬಾಳೆಹಣ್ಣು ರಸಾಯನ ಹೊಡೆದರೆ ಲೆಕ್ಕ ಸರಿಸಮ. ಶುಗರ್ ಮಾತ್ರೆ, ಇನ್ಸುಲಿನ್ ಮೇಲಿರುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬೇಡಿ. ಶುಗರ್ ಕುಸಿದು ಬಿದ್ದೀರಿ. ಯಾರೇ ಆಗಲಿ ದಿನಕ್ಕೆ 1200 ಕ್ಯಾಲೊರಿಗಿಂತ ಕೆಳಗೆ ಸ್ವಂತ ಬುದ್ಧಿಯಿಂದ ಇಳಿಯಬೇಡಿ.

ಹೆಜ್ಜೆ 7: ಮೈ, ನಿದ್ದೆ

"ಮನೆ ಕೆಲಸಾನೇ ಎಕ್ಸರ್ಸೈಜ್ ಅಲ್ವಾ?" ದಣಿವಾಗುತ್ತದೆ ನಿಜ, ಆದರೆ ಹತ್ತು ವರ್ಷದಿಂದ ಮಾಡಿದ ಅದೇ ಕೆಲಸಕ್ಕೆ ಮೈ ಒಗ್ಗಿಹೋಗಿರುತ್ತದೆ. ಉಸಿರು ಸ್ವಲ್ಪ ಏರುವಂತೆ, ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಬಿರುಸಾಗಿ ವಾರಕ್ಕೆ 150 ನಿಮಿಷ ನಡೆಯಬೇಕು. ದಿನಕ್ಕೆ ಹತ್ತತ್ತು ನಿಮಿಷ ಮೂರು ಸಲವಾದರೂ ಸರಿ, ಬೀದಿಯಲ್ಲಿ ಮುಜುಗರವಾದರೆ ತಾರಸಿ ಸರಿ. ವಾರಕ್ಕೆ ಎರಡು ದಿನ ಸ್ನಾಯುವಿಗೆ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು ಕೂರುವುದು, ಗೋಡೆಗೆ ಕೈ ಕೊಟ್ಟು ಹತ್ತು ಸಲ ತಳ್ಳುವುದು, ಅರ್ಧ ತುಂಬಿದ ಎರಡು ಕೊಡ ಹಿಡಿದು ಅಂಗಳದಲ್ಲಿ ಓಡಾಡುವುದು. ಮಂಡಿ ನೋವಿದ್ದವರು ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವ ಶಪಥ ಮಾಡಬೇಡಿ.

ನಡಿಗೆಯಿಂದ ತೂಕ ತುಂಬಾ ಇಳಿಯುವುದಿಲ್ಲ, ಇಳಿದದ್ದು ಮತ್ತೆ ಏರದಂತೆ ತಡೆಯುವುದರಲ್ಲಿ ಅದರ ಕೈ ದೊಡ್ಡದು.

ನಿದ್ದೆ ಹೆಂಗಸರಿಗೆ ಸೋಮಾರಿತನದ ಇನ್ನೊಂದು ಹೆಸರು ಅಂತ ಕಲಿಸಿಬಿಟ್ಟಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸಿಗೆ, ಫ್ಯಾಕ್ಟರಿಗೆ ಬಸ್ಸು ಹಿಡಿಯುವವರು ನಾಲ್ಕೂವರೆಗೆ ಏಳುತ್ತಾರೆ, ಹನ್ನೊಂದಕ್ಕೆ ಮಲಗುತ್ತಾರೆ. 2004ರ ಒಂದು ಸಣ್ಣ ಅಧ್ಯಯನದಲ್ಲಿ ಹನ್ನೆರಡು ಯುವಕರನ್ನು ಎರಡೇ ರಾತ್ರಿ ನಾಲ್ಕು ತಾಸು ಮಲಗಿಸಿದ್ದಕ್ಕೆ ಲೆಪ್ಟಿನ್ ಶೇ 18 ಇಳಿದು ಗ್ರೆಲಿನ್ ಶೇ 28 ಏರಿತ್ತು. ಗಂಡಸರ ಮೇಲಿನ ಅಧ್ಯಯನ ಅದು. ಹೆಂಗಸರು ವರ್ಷಗಟ್ಟಲೆ ಹೀಗೇ ಇರುತ್ತಾರೆ. ರಾತ್ರಿ ಪಾತ್ರೆ ತೊಳೆಯುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರಿಗೆ ಒಪ್ಪಿಸಿ. ಮುಕ್ಕಾಲು ಗಂಟೆ ನಿದ್ದೆ ಸಿಗುತ್ತದೆ, ತಳದ ಪಲ್ಯವೂ ತಪ್ಪುತ್ತದೆ.

ಹೆಜ್ಜೆ 8: ಚುಚ್ಚುಮದ್ದು, ಆಪರೇಷನ್

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ವಾರಕ್ಕೊಮ್ಮೆಯ ಚುಚ್ಚುಮದ್ದು. ಹಸಿವಿನ ಕೂಗನ್ನೇ ತಗ್ಗಿಸುತ್ತವೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 15ರಷ್ಟು ಇಳಿಸಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ದೇಹ ಎದುರು ನಿಲ್ಲುತ್ತದೆ ಅಂದೆನಲ್ಲ, ಅದೇ. ಬಸುರಿನಲ್ಲಿ ಕೂಡದು, ಸೆಮಾಗ್ಲುಟೈಡನ್ನು ಮಗು ಬೇಕು ಅನ್ನುವ ಎರಡು ತಿಂಗಳ ಮುಂಚೆ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುವಿನಲ್ಲಿ ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಿಸುತ್ತದೆ, ಬೇರೆ ವಿಧಾನವೂ ಜೊತೆಗಿರಲಿ. ಬೊಜ್ಜಿನ ಆಪರೇಷನ್ ತೀರಾ ಹೆಚ್ಚು ತೂಕದವರಿಗೆ ಒಳ್ಳೆಯ ದಾರಿ, ಆದರೆ ಜೀವನಪೂರ್ತಿ ವಿಟಮಿನ್, ತಪಾಸಣೆ ಬೇಕು. ಇವನ್ನು ತೆಗೆದುಕೊಳ್ಳುವುದು ಸೋಲಲ್ಲ. ಬಿಪಿ ಮಾತ್ರೆ ನುಂಗುವವರನ್ನು ಯಾರೂ ಸೋತವರು ಅನ್ನುವುದಿಲ್ಲವಲ್ಲ. ಸಂತೆಯಲ್ಲಿ, ವಾಟ್ಸಾಪಿನಲ್ಲಿ ಮಾರುವ ಪುಡಿ, ಟೀ ಮಾತ್ರ ಬೇಡ. ಅದರಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 9: ನಿಂತಾಗ

ಮೂರನೇ ತಿಂಗಳಿಗೋ ಆರನೇ ತಿಂಗಳಿಗೋ ತೂಕ ನಿಂತೇ ನಿಲ್ಲುತ್ತದೆ. ಆಗ ಊಟ ಇನ್ನಷ್ಟು ಕಡಿಮೆ ಮಾಡುವುದು ಚಾಟಿ ತೆಗೆದಂತೆ. ಪುಸ್ತಕವನ್ನು ಮತ್ತೆ ಒಂದು ವಾರ ಬರೆಯಿರಿ, ಸೊಂಟ ಅಳೆಯಿರಿ, ನಿದ್ದೆ, ಮಾತ್ರೆ, ಮುಟ್ಟು ಎಲ್ಲಕ್ಕೂ ಇನ್ನೊಮ್ಮೆ ಕಣ್ಣು ಹಾಯಿಸಿ. ಏನೂ ಸಿಗದಿದ್ದರೆ ಒಂದೆರಡು ತಿಂಗಳು ಅದೇ ತೂಕದಲ್ಲಿ ನಿಲ್ಲುವುದನ್ನೇ ಗುರಿ ಮಾಡಿಕೊಳ್ಳಿ. ಏರದೆ ನಿಂತದ್ದೂ ಕೆಲಸವೇ. ಮುಂದೆ ಯಾವಾಗಲಾದರೂ ಎರಡು ಕೆಜಿ ಮರಳಿದರೆ, ಏಳಾಗುವವರೆಗೆ ಕಾಯದೆ ಆ ವಾರವೇ ಪುಸ್ತಕ ತೆಗೆಯಿರಿ.

ಶಿಡ್ಲಘಟ್ಟದವರು ಐದನೇ ತಿಂಗಳಿಗೆ ಬಂದಾಗ 73.8 ಕೆಜಿ ಇದ್ದರು. ಟಿಎಸ್‌ಎಚ್ ಸ್ವಲ್ಪ ಏರಿದ್ದದ್ದು ಮಾತ್ರೆಯಲ್ಲಿ ಸರಿಹೋಗಿತ್ತು, ಹಿಮೋಗ್ಲೋಬಿನ್ 9ರಿಂದ 11.4ಕ್ಕೆ ಬಂದಿತ್ತು, ಟೀ ಐದರಿಂದ ಎರಡಕ್ಕೆ ಇಳಿದಿತ್ತು. ತೂಕದ ಮಷೀನಿನಿಂದ ಇಳಿದು ರವಿಕೆಯ ಹುಕ್ಕು ತೋರಿಸಿ "ಒಂದು ಮನೆ ಒಳಗೆ ಬಂತು ಮೇಡಂ" ಅಂದರು. ಹೊರಗೆ ಬೆಂಚಿನ ಮೇಲೆ ಅವರ ಅತ್ತೆ ಕೂತಿದ್ದರು, ಮಡಿಲಲ್ಲಿ ಮಾತ್ರೆಗಳ ಚೀಲ.

"ಅವರ್ದೂ ಸೊಂಟ ಅಳೀಬೇಕಂತೆ. ರಾತ್ರಿ ಪಾತ್ರೆ ಈಗ ಅವರೇ ತೊಳೀತಾರೆ."